ಸ್ಟೆಪ್ನಿಗೆ ಗಾಳಿ ಇದೆಯಾ? ಸರ್ವರ್ ಡಿಸ್ಕ್‌ಗಳನ್ನು ನಾನು ನೋಡಿಕೊಳ್ಳುವ ಬಗೆ

ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ. ಹೊರಡುವ ಮುಂಚೆ ಕಬ್ಬಿಣದ ಲಿವರ್ ಹಿಡಿದು ಒಂದೊಂದು ಟೈರಿಗೂ ಒಂದು ಏಟು ಹಾಕುತ್ತಿದ್ದರು. ಶಬ್ದದಲ್ಲೇ ಅವರಿಗೆ ಗಾಳಿ ಎಷ್ಟಿದೆ ಅಂತ ಗೊತ್ತಾಗುತ್ತಿತ್ತು. ಕೊನೆಗೆ ಬಗ್ಗಿ ಸ್ಟೆಪ್ನಿಗೂ ಒಂದು ಏಟು. "ಅದು ಓಡೋದೇ ಇಲ್ವಲ್ಲ ಅಪ್ಪ, ಅದನ್ನ್ಯಾಕೆ ನೋಡ್ತೀಯ?" ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ಓಡೋ ಟೈರ್ ಕೆಟ್ರೆ ಸ್ಟೇರಿಂಗೇ ಹೇಳುತ್ತೆ ಪುಟ್ಟಿ. ಇದು ಯಾರಿಗೂ ಹೇಳಲ್ಲ" ಅಂದಿದ್ದರು.

ಈಗ ನಾನು ಒಂದು ಸ್ಕ್ಯಾನಿಂಗ್ ಸೆಂಟರಿನ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಸಿಟಿ, ಎಂಆರ್‌ಐ ಚಿತ್ರಗಳೆಲ್ಲ ಅದರಲ್ಲೇ ಇರುತ್ತವೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಳೆಗಾಲದಲ್ಲಿ, ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ, ಹಳೆ ಸರ್ವರ್ ಬೀಪ್ ಮಾಡುತ್ತಾ ನಿಂತಿತ್ತು. ಅದರಲ್ಲಿ 2 ಟಿಬಿಯ 6 ಡಿಸ್ಕ್‌ಗಳ ರೇಡ್ 5 ಇತ್ತು, ಅಂದರೆ ಒಂದು ಡಿಸ್ಕ್ ಕೆಟ್ಟರೂ ಮಿಕ್ಕವುಗಳಿಂದ ಲೆಕ್ಕ ಹಾಕಿ ಡೇಟಾ ಉಳಿಸುವ ಜೋಡಣೆ. ಜೊತೆಗೆ ಒಂದು ಹಾಟ್ ಸ್ಪೇರ್, ಅಂದರೆ ಕೆಟ್ಟ ಡಿಸ್ಕಿನ ಜಾಗಕ್ಕೆ ತಾನೇ ಹೋಗಲು ಕಾದು ಕೂತ ಡಿಸ್ಕ್. ಒಂದು ಡಿಸ್ಕ್ ಹೋಗಿದೆ, ಸ್ಪೇರ್ ಇದೆಯಲ್ಲ ಅಂತ ಧೈರ್ಯದಿಂದ ಸ್ಕ್ರೀನ್ ತೆರೆದೆ. ಸ್ಪೇರ್ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ, ಯುಗಾದಿ ಹೊತ್ತಿಗೆ, ಇನ್ನೊಂದು ಡಿಸ್ಕ್ ಕೆಟ್ಟಿತ್ತು. ಸ್ಪೇರ್ ಆಗಲೇ ಅದರ ಜಾಗಕ್ಕೆ ಹೋಗಿ ಕೂತಿತ್ತು. ರೀಬಿಲ್ಡ್, ಅಂದರೆ ಕೆಟ್ಟ ಡಿಸ್ಕಿನ ಡೇಟಾವನ್ನು ಸ್ಪೇರಿಗೆ ಮತ್ತೆ ಬರೆಯುವ ಕೆಲಸ, ಮುಗಿದಿತ್ತು. ಆ ನಾಲ್ಕು ತಿಂಗಳೂ ನಾನು ಪ್ರತಿ ವಾರ ಸ್ಕ್ರೀನ್ ನೋಡಿದ್ದೆ. ಅಲ್ಲಿ ‘ಆಪ್ಟಿಮಲ್’ ಅಂತ ಹಸಿರು ಅಕ್ಷರ ಕಾಣುತ್ತಿತ್ತು. ಅದು ಸುಳ್ಳೂ ಆಗಿರಲಿಲ್ಲ. ಎಚ್ಚರಿಕೆಯ ಮೇಲ್ ಕೂಡ ಹೋಗಿತ್ತು, ಕೆಲಸ ಬಿಟ್ಟು ಹೋದ ಒಬ್ಬರ ವಿಳಾಸಕ್ಕೆ.

ಬೆಂಗಳೂರಿನಿಂದ ಬಸ್ ಪಾರ್ಸೆಲ್‌ನಲ್ಲಿ ಡಿಸ್ಕ್ ತರಿಸಿದೆವು. ರೀಬಿಲ್ಡ್ ಮುಕ್ಕಾಲು ಭಾಗ ದಾಟಿದ ಮೇಲೆ ಮೂರನೇ ಡಿಸ್ಕಿನಲ್ಲಿ ಓದಲಾಗದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು) ಸಿಕ್ಕವು. ಡಿಸ್ಕ್‌ಗಳನ್ನು ನಡೆಸುವ ರೇಡ್ ಕಾರ್ಡ್ ಆ ಜಾಗಗಳನ್ನು ಕೆಟ್ಟದ್ದು ಅಂತ ಗುರುತು ಮಾಡಿ ಮುಂದೆ ಹೋಯಿತು. ನಾಲ್ಕು ರೋಗಿಗಳ ಹಳೆಯ ಚಿತ್ರಗಳು ಹಾಳಾದವು. ಮೂವರ ಹತ್ತಿರ ಸಿಡಿ ಇತ್ತು. ಒಬ್ಬರು, ಸಕಲೇಶಪುರ ಕಡೆಯ ಅಜ್ಜ, ಮನೆ ಬದಲಿಸುವಾಗ ಸಿಡಿ ಕಳೆದುಕೊಂಡಿದ್ದರು. ಗಡ್ಡೆ ಆರು ತಿಂಗಳಲ್ಲಿ ಬೆಳೆದಿದೆಯಾ ಇಲ್ಲವಾ ಅಂತ ಡಾಕ್ಟರ್ ಹೋಲಿಸಿ ನೋಡಬೇಕಿತ್ತು. ಹೋಲಿಸಲು ಏನೂ ಇರಲಿಲ್ಲ. ಆ ದಿನದಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಪೇರ್ ಎಣಿಸಿ

ರೇಡ್‌ನಲ್ಲಿ ಒಟ್ಟಿಗೆ ಕಟ್ಟಿದ ಡಿಸ್ಕ್‌ಗಳ ಗುಂಪಿಗೆ ಅರೇ ಅನ್ನುತ್ತಾರೆ. ‘ಅರೇ ಚೆನ್ನಾಗಿದೆಯಾ’ ಮತ್ತು ‘ಸ್ಪೇರ್ ಇದೆಯಾ’ ಇವು ಎರಡು ಬೇರೆ ಪ್ರಶ್ನೆಗಳು. ಬಹಳ ಸಾಫ್ಟ್‌ವೇರ್‌ಗಳು ಮೊದಲನೆಯದಕ್ಕೆ ಮಾತ್ರ ದೊಡ್ಡ ಅಕ್ಷರದಲ್ಲಿ ಉತ್ತರ ಕೊಡುತ್ತವೆ. ಎರಡನೆಯದನ್ನು ನಾವೇ ಕೇಳಬೇಕು.

ಕಾರ್ಡ್ ಇಲ್ಲದೆ ಲಿನಕ್ಸೇ ನಡೆಸುವ ಸಾಫ್ಟ್‌ವೇರ್ ರೇಡ್ ಇದ್ದರೆ, ಪ್ರಾಕ್ ಫೋಲ್ಡರಿನಲ್ಲಿರುವ ಎಂಡಿಸ್ಟ್ಯಾಟ್ ಫೈಲ್ ತೆರೆದು ನೋಡಿ. ಡಿಸ್ಕಿನ ಹೆಸರಿನ ಮುಂದೆ ಆವರಣದಲ್ಲಿ ‘ಎಸ್’ ಇದ್ದರೆ ಅದು ಸ್ಪೇರ್, ‘ಎಫ್’ ಇದ್ದರೆ ಕೆಟ್ಟದ್ದು. ಸಾಲಾಗಿ ‘ಯು’ ಅಕ್ಷರಗಳಿರುತ್ತವೆ, ಒಂದು ಡಿಸ್ಕಿಗೆ ಒಂದು. ‘ಯು’ ಇರಬೇಕಾದ ಕಡೆ ಅಡಿಗೆರೆ ಬಂದಿದ್ದರೆ ಆ ಡಿಸ್ಕ್ ಇಲ್ಲ ಎಂದರ್ಥ. ಎಲ್ಲವೂ ‘ಯು’ ಇದ್ದು ‘ಎಸ್’ ಎಲ್ಲೂ ಕಾಣದಿದ್ದರೆ, ನನ್ನ ಯುಗಾದಿಯ ಪರಿಸ್ಥಿತಿಯೇ ನಿಮ್ಮದೂ.

ಇದನ್ನು ದಿನಾ ಕಣ್ಣಲ್ಲೇ ನೋಡಬೇಕಿಲ್ಲ. ಈ ರೇಡ್ ನಡೆಸುವ ಎಂಡಿಆಡಮ್ ಎಂಬ ಪ್ರೋಗ್ರಾಮಿನ ಕಾನ್ಫಿಗ್ ಫೈಲಿನಲ್ಲಿ ಪ್ರತಿ ಅರೇಗೂ ಒಂದು ಸಾಲು ಇರುತ್ತದೆ. ಆ ಸಾಲಿನ ಕೊನೆಯಲ್ಲಿ ‘ಸ್ಪೇರ್ಸ್=1’ ಅಂತ ಸೇರಿಸಿ. ಇಷ್ಟು ಬರೆದರೆ, ಸ್ಪೇರ್ ಕಡಿಮೆಯಾದಾಗ ‘ಸ್ಪೇರ್ಸ್ ಮಿಸ್ಸಿಂಗ್’ ಅಂತ ಮೇಲ್ ಬರುತ್ತದೆ. ಒಂದು ವಿಷಯ ಗಮನಿಸಿ. ಎಂಡಿಆಡಮ್‌ನ ಕಾವಲು ಪ್ರೋಗ್ರಾಂ, ಅಂದರೆ ಮಾನಿಟರ್, ಶುರುವಾಗಿ ಅರೇಯನ್ನು ಮೊದಲ ಸಲ ನೋಡಿದಾಗ ಮಾತ್ರ ಈ ಲೆಕ್ಕ ಹಾಕುತ್ತದೆ. ವರ್ಷಗಟ್ಟಲೆ ನಿಲ್ಲದೆ ಓಡುವ ಮಾನಿಟರ್ ಈ ವಿಚಾರದಲ್ಲಿ ಸುಮ್ಮನೇ ಇರುತ್ತದೆ. ಅದಕ್ಕೇ ದಿನಕ್ಕೊಮ್ಮೆ ‘ಒನ್‌ಶಾಟ್’ ಆಯ್ಕೆ ಕೊಟ್ಟು ಮಾನಿಟರ್ ಓಡಿಸಬೇಕು. ನಮ್ಮಲ್ಲಿ ಅದು ಬೆಳಗ್ಗೆ 6 ಗಂಟೆಗೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡುತ್ತದೆ.

ಒಂದೇ ಪೆಟ್ಟಿಗೆಯಲ್ಲಿ ಎರಡು ಅರೇ ಇದ್ದು ಸ್ಪೇರ್ ಒಂದೇ ಇದ್ದರೆ, ಎರಡೂ ಸಾಲುಗಳಲ್ಲಿ ಒಂದೇ ‘ಸ್ಪೇರ್ ಗ್ರೂಪ್’ ಹೆಸರು ಬರೆಯಿರಿ. ಒಂದರಲ್ಲಿ ಡಿಸ್ಕ್ ಕೆಟ್ಟು ಅಲ್ಲಿ ಸ್ಪೇರ್ ಇಲ್ಲದಿದ್ದರೆ, ಮಾನಿಟರ್ ಪಕ್ಕದ ಅರೇಯ ಸ್ಪೇರನ್ನು ಎತ್ತಿ ಅಲ್ಲಿಗೆ ಕೊಡುತ್ತದೆ. ಮಾನಿಟರ್ ಓಡುತ್ತಿರಲೇಬೇಕು, ಇಲ್ಲದಿದ್ದರೆ ಕೊಡುವವರು ಯಾರು?

ತನ್ನದೇ ರೇಡ್ ಇರುವ ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆ ಬಳಸುವವರಿಗೆ ‘ಝಡ್‌ಪೂಲ್ ಸ್ಟೇಟಸ್’ ಆದೇಶದ ಉತ್ತರದ ಕೊನೆಯಲ್ಲಿ ಸ್ಪೇರ್‌ಗಳ ಪಟ್ಟಿ ಕಾಣುತ್ತದೆ. ‘ಅವೇಲ್’ ಇದ್ದರೆ ಖಾಲಿ ಕೂತಿದೆ, ‘ಇನ್‌ಯೂಸ್’ ಇದ್ದರೆ ಕೆಲಸದಲ್ಲಿದೆ. ಕೆಟ್ಟ ಡಿಸ್ಕಿನ ಜಾಗಕ್ಕೆ ಹೊಸದು ಹಾಕಿ ರೀಪ್ಲೇಸ್ ಮಾಡಿದರೆ ಸ್ಪೇರ್ ತಾನೇ ವಾಪಸ್ ಹೋಗುತ್ತದೆ. ಸ್ಪೇರನ್ನೇ ಕಾಯಂ ಮಾಡಬೇಕೆಂದಿದ್ದರೆ ಕೆಟ್ಟ ಡಿಸ್ಕನ್ನು ಡಿಟ್ಯಾಚ್ ಮಾಡಿ. ಲಿನಕ್ಸ್‌ನಲ್ಲಿ ‘ಝೆಡ್’ ಎಂಬ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಓಡದಿದ್ದರೆ ಸ್ಪೇರ್ ತಾನಾಗಿ ಎದ್ದು ಬರುವುದಿಲ್ಲ. ಅದು ಓಡುತ್ತಿದೆಯಾ ಅಂತ ಇವತ್ತೇ ನೋಡಿ.

ರೇಡ್ ಕಾರ್ಡ್ ಇದ್ದರೆ ‘ಗ್ಲೋಬಲ್’ ಮತ್ತು ‘ಡೆಡಿಕೇಟೆಡ್’ ಅಂತ ಎರಡು ಬಗೆಯ ಸ್ಪೇರ್. ಮೊದಲನೆಯದು ಯಾವ ಅರೇಗಾದರೂ ಹೋಗುತ್ತದೆ, ಎರಡನೆಯದು ಒಂದಕ್ಕೇ ಮೀಸಲು. ಇಲ್ಲೊಂದು ಸಾಮಾನ್ಯ ತಪ್ಪಿದೆ. ಹೊಸ ಡಿಸ್ಕ್ ಸಿಕ್ಕಿಸಿದ ತಕ್ಷಣ ಹಸಿರು ದೀಪ ಬರುತ್ತದೆ, ಸ್ಪೇರ್ ಆಯಿತು ಅಂದುಕೊಂಡು ಹೋಗುತ್ತೇವೆ. ಬಹಳ ಸಲ ಅದು ‘ಅನ್‌ಕಾನ್ಫಿಗರ್ಡ್ ಗುಡ್’ ಸ್ಥಿತಿಯಲ್ಲಿ ಸುಮ್ಮನೆ ಕೂತಿರುತ್ತದೆ. ಹಾಟ್ ಸ್ಪೇರ್ ಅಂತ ನೀವು ಹೇಳಿದರೆ ಮಾತ್ರ ಅದು ಸ್ಪೇರ್.

ಓಡದ ಡಿಸ್ಕಿಗೂ ಏಟು ಹಾಕಿ

ತಿಂಗಳಿಗೊಮ್ಮೆ ಅರೇ ಪೂರ್ತಿ ಓದಿಸುವ ಅಭ್ಯಾಸ ಬಹಳ ಜನಕ್ಕಿದೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ತಿಂಗಳ ಮೊದಲ ಭಾನುವಾರ ಅದು ತಾನಾಗೇ ಓಡುತ್ತದೆ. ಬಹಳ ಒಳ್ಳೆಯದು. ಓದಲಾಗದ ಸೆಕ್ಟರ್ ಸಿಕ್ಕರೆ ಬೇರೆ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಅಲ್ಲೇ ಸರಿಯಾಗಿ ಬರೆಯುತ್ತದೆ. ಆದರೆ ಈ ಚೆಕ್ ಸ್ಪೇರನ್ನು ಮುಟ್ಟುವುದೇ ಇಲ್ಲ. ಝಡ್‌ಎಫ್‌ಎಸ್‌ನಲ್ಲಿ ಸ್ಕ್ರಬ್ ಎನ್ನುವ ಇಂಥದ್ದೇ ಚೆಕ್ ಕೂಡ ಅಷ್ಟೇ. ಡೇಟಾ ಇರುವ ಡಿಸ್ಕ್‌ಗಳನ್ನೇ ಅವು ಓದುವುದು. ಮೂರು ವರ್ಷ ಸುಮ್ಮನೆ ತಿರುಗುತ್ತಾ ಕೂತ ಸ್ಪೇರ್‌ನ ಒಳಗೆ ಏನಾಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾಗುವುದು ರೀಬಿಲ್ಡ್ ಶುರುವಾದ ರಾತ್ರಿ.

ಅದಕ್ಕೆ ಮದ್ದು ಸ್ಮಾರ್ಟ್‌ನ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡುವ ವ್ಯವಸ್ಥೆಯ, ಲಾಂಗ್ ಟೆಸ್ಟ್. ಡಿಸ್ಕ್ ತನ್ನನ್ನು ತಾನೇ ಮೊದಲಿಂದ ಕೊನೆವರೆಗೆ ಓದಿ ನೋಡಿಕೊಳ್ಳುತ್ತದೆ. ನಮ್ಮ 4 ಟಿಬಿ ಡಿಸ್ಕಿಗೆ ಸುಮಾರು 8 ಗಂಟೆ ಹಿಡಿಯುತ್ತದೆ. ಈ ಲೆಕ್ಕಕ್ಕೆ ಕಾವಲಿರುವ ಸ್ಮಾರ್ಟ್‌ಡಿ ಪ್ರೋಗ್ರಾಮಿನ ಕಾನ್ಫಿಗ್‌ನಲ್ಲಿ ವಾರಕ್ಕೊಂದು ಶಾರ್ಟ್ ಟೆಸ್ಟ್, ತಿಂಗಳಿಗೊಂದು ಲಾಂಗ್ ಟೆಸ್ಟ್ ಇಟ್ಟಿದ್ದೇನೆ. ಎಲ್ಲ ಡಿಸ್ಕಿಗೂ ಒಂದೇ ರಾತ್ರಿ ಇಡಬೇಡಿ. ಅರೇ ಚೆಕ್ ಓಡುವ ರಾತ್ರಿಯಂತೂ ಬೇಡವೇ ಬೇಡ.

ಸ್ಮಾರ್ಟ್‌ಡಿ ಬಗ್ಗೆ ಎರಡು ಮಾತು. ಅದರ ಕಾನ್ಫಿಗ್‌ನಲ್ಲಿ ‘ಡಿವೈಸ್‌ಸ್ಕ್ಯಾನ್’ ಎಂಬ ಸಾಲು ಇದ್ದರೆ ಅದರ ಕೆಳಗಿನದ್ದನ್ನೆಲ್ಲ ಅದು ಓದುವುದಿಲ್ಲ. ಕೆಳಗೆ ಬರೆದು ಕೆಲಸವಾಗಿದೆ ಅಂದುಕೊಂಡವರನ್ನು ನೋಡಿದ್ದೇನೆ. ಇನ್ನೊಂದು, ಅದು ಡಿಸ್ಕ್ ಹುಡುಕುವುದು ಶುರುವಾದಾಗ ಮಾತ್ರ. ಹೊಸ ಡಿಸ್ಕ್ ಹಾಕಿದ ಮೇಲೆ ಸ್ಮಾರ್ಟ್‌ಡಿಯನ್ನು ರೀಸ್ಟಾರ್ಟ್ ಮಾಡದಿದ್ದರೆ, ಆ ಹೊಸ ಸ್ಪೇರನ್ನು ನೋಡಿಕೊಳ್ಳುವವರೇ ಇರುವುದಿಲ್ಲ.

ರೇಡ್ ಕಾರ್ಡ್‌ಗಳಲ್ಲಿ ‘ಪಟ್ರೋಲ್ ರೀಡ್’ ಅಂತ ಗಸ್ತು ಓದು ಇರುತ್ತದೆ. ನಮ್ಮ ಕಾರ್ಡಿನಲ್ಲಿ 168 ಗಂಟೆಗೊಮ್ಮೆ, ಅಂದರೆ ವಾರಕ್ಕೊಮ್ಮೆ ಓಡುತ್ತದೆ. ಅದು ಹಾಟ್ ಸ್ಪೇರನ್ನೂ ಓದುತ್ತದೆ. ಆಫ್ ಆಗಿದ್ದರೆ ಆನ್ ಮಾಡಿ.

ಯಾವ ನಂಬರ್ ನೋಡಬೇಕು

ಸ್ಮಾರ್ಟ್ ಲೆಕ್ಕ ತೋರಿಸುವ ಸ್ಮಾರ್ಟ್‌ಸಿಟಿಎಲ್ ಆದೇಶ ಓಡಿಸಿದರೆ ಉದ್ದನೆಯ ಪಟ್ಟಿ ಬರುತ್ತದೆ. ಮೊದಲ ಸಲ ನೋಡಿದವರಿಗೆ ತಲೆ ತಿರುಗುತ್ತದೆ. ನಾನು ನೋಡುವುದು ಕೆಲವೇ ಸಾಲು. 5, 187, 188, 197, 198 ನಂಬರಿನವು. ಸಾವಿರಾರು ಡಿಸ್ಕ್ ಓಡಿಸುವ ಬ್ಯಾಕ್‌ಬ್ಲೇಜ್ ಕಂಪನಿ ಕೂಡ ಇದೇ ಐದನ್ನು ನೋಡುವುದಾಗಿ ಹೇಳಿದೆ. ಪ್ರತಿ ಸಾಲಿನ ಕೊನೆಯಲ್ಲಿರುವ ‘ರಾ ವ್ಯಾಲ್ಯೂ’ ಓದಿ. ‘ಪಾಸ್ಡ್’ ಅಂತ ಮೇಲೆ ಬರುವ ಪದಕ್ಕೆ ನಾನು ಬೆಲೆ ಕೊಡುವುದಿಲ್ಲ. ಸಾಯುತ್ತಿರುವ ಡಿಸ್ಕ್ ಕೂಡ ‘ಪಾಸ್ಡ್’ ಅನ್ನುವುದನ್ನು ಎಷ್ಟೋ ಸಲ ಕಂಡಿದ್ದೇನೆ.

197 ಅಂದರೆ ಡಿಸ್ಕಿಗೇ ಅನುಮಾನ ಬಂದ ಸೆಕ್ಟರ್‌ಗಳು. ಓದಲು ಆಗಿಲ್ಲ, ಮುಂದೆ ಅಲ್ಲಿ ಬರೆದಾಗ ತೀರ್ಮಾನ ಆಗುತ್ತದೆ. 5 ಅಂದರೆ ಕೆಟ್ಟಿದೆ ಅಂತ ತೀರ್ಮಾನವಾಗಿ ಬೇರೆ ಜಾಗಕ್ಕೆ ಹೋದ ಸೆಕ್ಟರ್‌ಗಳು. ಚೆಕ್ ಓಡಿದ ಮೇಲೆ 197 ಸೊನ್ನೆಗೆ ಇಳಿದು 5 ಹಾಗೇ ಇದ್ದರೆ ಒಂದು ತಿಂಗಳು ಕಾದು ನೋಡುತ್ತೇನೆ. 197 ಇಳಿದು 5 ಏರಿದರೆ ಆ ಡಿಸ್ಕಿನ ಹೆಸರು ನನ್ನ ನೋಟ್‌ಬುಕ್‌ನಲ್ಲಿ ಕೆಂಪು ಪೆನ್ನಿಗೆ ಹೋಗುತ್ತದೆ. ನಿಂತ ಸಂಖ್ಯೆಗಿಂತ ಏರುವ ಸಂಖ್ಯೆ ಅಪಾಯ. ಮೂರು ವರ್ಷದಿಂದ 5ನೇ ಸಾಲಿನಲ್ಲಿ 16 ತೋರಿಸುತ್ತಾ ಅಲ್ಲೇ ನಿಂತ ಒಂದು ಡಿಸ್ಕ್ ನಮ್ಮಲ್ಲಿದೆ. ಅದಕ್ಕಿಂತ, ಹೋದ ವಾರ 0 ಇದ್ದು ಈ ವಾರ 8 ಆದ ಡಿಸ್ಕ್ ನನ್ನ ನಿದ್ದೆ ಕೆಡಿಸುತ್ತದೆ.

199 ಏರುತ್ತಿದ್ದರೆ ಡಿಸ್ಕ್ ಬಿಸಾಡಬೇಡಿ. ಅದು ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರ್ ತೊಂದರೆ. ತೆಗೆದು ಒರೆಸಿ ಹಾಕಿ, ಇಲ್ಲವೇ ಕೇಬಲ್ ಬದಲಿಸಿ. ಹಳೆಯ ಸಂಖ್ಯೆ ಸೊನ್ನೆಗೆ ಬರುವುದಿಲ್ಲ, ಏರುವುದು ನಿಂತರೆ ಸಾಕು.

ಸ್ಯಾಸ್ (ದೊಡ್ಡ ಸರ್ವರ್‌ಗಳಲ್ಲಿ ಬಳಸುವ ಬಗೆಯ) ಡಿಸ್ಕ್‌ಗಳಲ್ಲಿ ಈ ನಂಬರ್‌ಗಳು ಇರುವುದಿಲ್ಲ. ಅಲ್ಲಿ ‘ಗ್ರೋನ್ ಡಿಫೆಕ್ಟ್ ಲಿಸ್ಟ್’ ಸಂಖ್ಯೆ ನೋಡಿ. ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲಿ ಬರೆಯುವ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ‘ಪರ್ಸೆಂಟೇಜ್ ಯೂಸ್ಡ್’, ‘ಅವೇಲಬಲ್ ಸ್ಪೇರ್’ ಮತ್ತು ‘ಮೀಡಿಯಾ ಎರರ್ಸ್’ ಈ ಮೂರು ಸಾಕು.

ಇಷ್ಟೆಲ್ಲ ನೋಡಿದರೂ ಹೇಳದೆ ಕೇಳದೆ ಹೋಗುವ ಡಿಸ್ಕ್‌ಗಳಿವೆ. ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಉಷ್ಣತೆ ಬಿಟ್ಟು ಮಿಕ್ಕ ಎಲ್ಲ ಸ್ಮಾರ್ಟ್ ಸಂಖ್ಯೆಗಳನ್ನು ಸೇರಿಸಿ ನೋಡಿದರೂ, ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 36ಕ್ಕಿಂತ ಹೆಚ್ಚಿನವು ಒಂದು ಸೂಚನೆಯನ್ನೂ ಕೊಟ್ಟಿರಲಿಲ್ಲ. ಸ್ಪೇರ್ ಬೇಕಾಗುವುದೇ ಇವುಗಳಿಗಾಗಿ.

ಮೇಲ್ ನಿಜವಾಗಿ ಬರುತ್ತದೆಯಾ

ನಮ್ಮನ್ನು ಕೆಡಿಸಿದ್ದು ಡಿಸ್ಕಿಗಿಂತ ಜಾಸ್ತಿ ಆ ಮೇಲ್ ವಿಳಾಸ. ಈಗ ಎಚ್ಚರಿಕೆಗಳು ಒಬ್ಬರ ಹೆಸರಿಗೆ ಹೋಗುವುದಿಲ್ಲ. ಮೂವರು ನೋಡುವ ಒಂದು ಸಾಮಾನ್ಯ ಪೆಟ್ಟಿಗೆಗೆ ಹೋಗುತ್ತವೆ. ಎಂಡಿಆಡಮ್ ಮಾನಿಟರಿಗೆ ‘ಟೆಸ್ಟ್’ ಆಯ್ಕೆ ಕೊಟ್ಟರೆ ಪ್ರತಿ ಅರೇಗೂ ಒಂದು ಪರೀಕ್ಷೆ ಮೇಲ್ ಕಳಿಸುತ್ತದೆ. ಸ್ಮಾರ್ಟ್‌ಡಿಯಲ್ಲೂ ಅಂಥದ್ದೇ ಆಯ್ಕೆ ಇದೆ. ಎರಡನ್ನೂ ಓಡಿಸಿ, ಮೇಲ್ ನಿಮ್ಮ ಫೋನಿಗೆ ಬಂದದ್ದನ್ನು ಕಣ್ಣಾರೆ ನೋಡಿ.

ಇದರ ಜೊತೆ ಪ್ರತಿ ಸೋಮವಾರ ಬೆಳಗ್ಗೆ 9ಕ್ಕೆ ಸರ್ವರ್ ತಾನೇ ನಾಲ್ಕು ಸಾಲಿನ ಮೇಲ್ ಕಳಿಸುತ್ತದೆ. ಅರೇ ಎಷ್ಟು, ಡಿಸ್ಕ್ ಎಷ್ಟು, ಸ್ಪೇರ್ ಎಷ್ಟು, ಏರಿದ ಸಂಖ್ಯೆ ಯಾವುದಾದರೂ ಇದೆಯಾ. ಎಲ್ಲ ಸರಿ ಇದ್ದರೂ ಬರಬೇಕು. ಒಂದು ಸೋಮವಾರ ಬರಲಿಲ್ಲ ಅಂದರೆ ನಾನು ಎದ್ದು ಸರ್ವರ್ ರೂಮಿಗೆ ಹೋಗುತ್ತೇನೆ.

ಎಷ್ಟು ಸ್ಪೇರ್, ಎಲ್ಲಿ

ಈಗಿನ ಪೆಟ್ಟಿಗೆಯಲ್ಲಿ 4 ಟಿಬಿಯ 8 ಡಿಸ್ಕ್‌ಗಳ ರೇಡ್ 6 ಇದೆ, ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ. ಜೊತೆಗೆ ಒಂದು ಹಾಟ್ ಸ್ಪೇರ್, ಬೀರುವಿನಲ್ಲಿ ಇನ್ನೊಂದು. ಕಡಿಮೆ ಜಾಗ ಇರುವವರು ಒಂದು ಪ್ರಶ್ನೆ ಕೇಳುತ್ತಾರೆ. ರೇಡ್ 5 ಮಾಡಿ ಒಂದು ಸ್ಪೇರ್ ಇಡಲೋ, ಆ ಸ್ಪೇರನ್ನೂ ಸೇರಿಸಿ ರೇಡ್ 6 ಮಾಡಲೋ? ಎರಡಕ್ಕೂ ಡಿಸ್ಕ್ ಅಷ್ಟೇ, ಸಿಗುವ ಜಾಗವೂ ಅಷ್ಟೇ. ನನ್ನ ಉತ್ತರ ರೇಡ್ 6. ಅಲ್ಲಿ ಎರಡನೇ ರಕ್ಷಣೆ ಆಗಲೇ ಬರೆದು ಮುಗಿದಿರುತ್ತದೆ, ರೀಬಿಲ್ಡ್ ಆಗುವವರೆಗೆ ಉಸಿರು ಬಿಗಿಹಿಡಿಯಬೇಕಿಲ್ಲ. ಸಾಮಾನ್ಯ ಡಿಸ್ಕ್‌ಗಳ ಬಗ್ಗೆ ಕಂಪನಿಗಳು ಕೊಡುವ ಲೆಕ್ಕದ ಪ್ರಕಾರ ಸುಮಾರು 12.5 ಟಿಬಿ ಓದಿದರೆ ಒಂದು ಕಡೆ ಓದಲಾಗದೆ ಹೋಗಬಹುದು. ನಿಜದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ನಮ್ಮ ಹಳೆ ರೇಡ್ 5ರಲ್ಲಿ ಆವತ್ತು ಉಳಿದ ಐದೂ ಡಿಸ್ಕ್ ಸೇರಿ 10 ಟಿಬಿ ಓದಬೇಕಿತ್ತು. ಏನಾಯಿತು ಅಂತ ಹೇಳಿದೆನಲ್ಲ.

ಬೀರುವಿನ ಡಿಸ್ಕ್ ಯಾಕೆ ಅಂದರೆ, ಹಾಟ್ ಸ್ಪೇರ್ ಕೂಡ ಮಿಕ್ಕವುಗಳ ಜೊತೆಗೇ ವಯಸ್ಸಾಗುತ್ತದೆ. ಅದೇ ಕರೆಂಟ್, ಅದೇ ಶಾಖ, ಅಷ್ಟೇ ಗಂಟೆ. 2019ರಲ್ಲಿ ಒಂದು ದೊಡ್ಡ ಕಂಪನಿಯ ಕೆಲವು ಎಸ್‌ಎಸ್‌ಡಿಗಳಲ್ಲಿ ಫರ್ಮ್‌ವೇರ್ (ಡಿಸ್ಕಿನ ಒಳಗಿನ ಸಾಫ್ಟ್‌ವೇರ್) ದೋಷ ಇರುವುದು ಹೊರಬಂತು. ಸರಿಯಾಗಿ 32,768 ಗಂಟೆ ಓಡಿದ ಮೇಲೆ ಅವು ಸಾಯುತ್ತಿದ್ದವು. ಒಂದೇ ದಿನ ಆನ್ ಮಾಡಿದ ಡಿಸ್ಕ್‌ಗಳೆಲ್ಲ, ಸ್ಪೇರ್ ಸಮೇತ, ಒಟ್ಟಿಗೇ ಹೋಗುವಂಥ ದೋಷ. ಫರ್ಮ್‌ವೇರ್ ಸೂಚನೆಗಳನ್ನು ಓದಿ. ಡಿಸ್ಕ್ ಕೊಳ್ಳುವಾಗ ಎಲ್ಲವನ್ನೂ ಒಂದೇ ಲಾಟಿನಿಂದ ತೆಗೆದುಕೊಳ್ಳದಿರಲು ನೋಡಿ.

ಬೀರುವಿಗೆ ಇಡುವ ಮುಂಚೆ ಹೊಸ ಡಿಸ್ಕಿಗೂ ಲಾಂಗ್ ಟೆಸ್ಟ್ ಮಾಡಿ. ಪಾರ್ಸೆಲ್‌ನಲ್ಲಿ ಎಲ್ಲಿ ಬಿದ್ದು ಬಂದಿದೆಯೋ ಯಾರಿಗೆ ಗೊತ್ತು. ವಾರಂಟಿ ಮುಗಿಯುವ ತಾರೀಕನ್ನು ಮೇಲೆ ಬರೆದು ಅಂಟಿಸಿ. ಅಳತೆಯಲ್ಲೂ ಎಚ್ಚರ. ಸ್ಪೇರ್ ಒಂದು ಸ್ವಲ್ಪ ಚಿಕ್ಕದಾದರೂ ಅರೇ ಅದನ್ನು ಸೇರಿಸಿಕೊಳ್ಳುವುದಿಲ್ಲ.

ಬದಲಿಸುವ ದಿನ

ಡಿಸ್ಕ್ ಇನ್ನೂ ಉಸಿರಾಡುತ್ತಿದ್ದರೆ, ಅಂದರೆ ಸಂಖ್ಯೆ ಏರುತ್ತಿದೆ ಆದರೆ ಕೆಲಸ ಮಾಡುತ್ತಿದೆ ಅಂದರೆ, ಅದನ್ನು ಫೇಲ್ ಮಾಡಿ ಕಿತ್ತುಹಾಕಬೇಡಿ. ಎಂಡಿಆಡಮ್‌ನಲ್ಲಿ ‘ರೀಪ್ಲೇಸ್’ ಆಯ್ಕೆಗೆ ಕಾಯಿಲೆ ಡಿಸ್ಕಿನ ಹೆಸರು, ‘ವಿತ್’ ಆಯ್ಕೆಗೆ ಸ್ಪೇರ್ ಹೆಸರು ಕೊಡಿ. ಹಳೆಯದರಿಂದ ಸ್ಪೇರಿಗೆ ನೇರ ನಕಲಾಗುತ್ತದೆ. ನಕಲು ಮುಗಿಯುವವರೆಗೂ ಹಳೆ ಡಿಸ್ಕ್ ಅರೇಯಲ್ಲೇ ಇರುತ್ತದೆ, ಹಾಗಾಗಿ ರಕ್ಷಣೆ ಒಂದು ಗಳಿಗೆಯೂ ತಪ್ಪುವುದಿಲ್ಲ. ಝಡ್‌ಎಫ್‌ಎಸ್‌ನಲ್ಲೂ ಹಳೆಯದನ್ನು ತೆಗೆಯದೆ ರೀಪ್ಲೇಸ್ ಮಾಡಬಹುದು. ಕಾರ್ಡ್‌ಗಳಲ್ಲಿ ‘ಕಾಪಿಬ್ಯಾಕ್’ ಎನ್ನುವ ಇಂಥದ್ದೇ ನಕಲನ್ನು ಸ್ಮಾರ್ಟ್ ದೋಷ ಬಂದಾಗ ಶುರುವಾಗುವಂತೆ ಇಡಬಹುದು.

ತಪ್ಪು ಡಿಸ್ಕ್ ಎಳೆಯುವುದು ಇಡೀ ಕೆಲಸದಲ್ಲೇ ದೊಡ್ಡ ಅಪಾಯ. ನಮ್ಮಲ್ಲಿ ಪ್ರತಿ ಟ್ರೇ ಮೇಲೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಅಂಟಿಸಿದೆ. ಲೆಡ್‌ಸಿಟಿಎಲ್ ಬಳಸಿ ಆ ಟ್ರೇಯ ದೀಪ ಮಿನುಗಿಸುತ್ತೇನೆ. ಹಾಗೆ ಮಿನುಗಿಸಲು ಆಗದ ಪೆಟ್ಟಿಗೆಯಾದರೆ ಮಿಕ್ಕ ಒಳ್ಳೆಯ ಡಿಸ್ಕ್‌ಗಳನ್ನೆಲ್ಲ ಒಂದು ನಿಮಿಷ ಓದಿಸಿ. ಮಿನುಗದೆ ಉಳಿದದ್ದು ಕೆಟ್ಟದ್ದು. ನಂಬರ್ ಜೋರಾಗಿ ಓದಿ, ಪಕ್ಕದಲ್ಲಿದ್ದವರೂ ಓದಿದ ಮೇಲೆಯೇ ಎಳೆಯುವುದು.

ರೀಬಿಲ್ಡ್ ಓಡುವ ರಾತ್ರಿ ಬೇರೆ ಭಾರ ಹಾಕಬೇಡಿ. 4 ಟಿಬಿಯನ್ನು ಸೆಕೆಂಡಿಗೆ 150 ಎಂಬಿಯಂತೆ ಓದಿ ಬರೆದರೂ ಏಳೂವರೆ ಗಂಟೆ ಬೇಕು. ಕೆಲಸದ ಹೊತ್ತಲ್ಲಿ ಅದರ ಎರಡರಷ್ಟಾಗಬಹುದು. ರೀಬಿಲ್ಡ್‌ನ ಕನಿಷ್ಠ ವೇಗದ ಮಿತಿ ಲಿನಕ್ಸ್‌ನಲ್ಲಿ ಸೆಕೆಂಡಿಗೆ 1000 ಕೆಬಿ ಇರುತ್ತದೆ. ರಾತ್ರಿಗೆ 50,000 ಮಾಡಿ ಮನೆಗೆ ಹೋಗುತ್ತೇನೆ. ಶುರು ಮಾಡುವ ಮುಂಚೆ ಬ್ಯಾಕಪ್ ತಾರೀಕು ನೋಡುವುದನ್ನು ಮರೆಯಬೇಡಿ. ರೇಡ್ ಡಿಸ್ಕ್ ಕೆಟ್ಟರೆ ಕಾಪಾಡುತ್ತದೆ. ಯಾರೋ ಫೈಲ್ ಅಳಿಸಿದರೆ, ಸಿಡಿಲು ಹೊಡೆದರೆ ಕಾಪಾಡುವುದಿಲ್ಲ. ನಮ್ಮ ಬ್ಯಾಕಪ್ ಬೇರೆ ಕಟ್ಟಡದಲ್ಲಿದೆ.

ಆಯುಧಪೂಜೆಯ ಹಿಂದಿನ ದಿನ ಸರ್ವರ್ ರೂಮ್ ತೊಳೆದು ಧೂಳು ಹೊಡೆಯುತ್ತೇವೆ. ಆವತ್ತೇ ವರ್ಷದ ಅಭ್ಯಾಸವೂ. ಚೆಕ್ ತಪ್ಪಿಲ್ಲದೆ ಮುಗಿದಿದೆ, ಬ್ಯಾಕಪ್ ಹೊಸದಿದೆ ಅಂತ ಖಾತ್ರಿಯಾದ ಮೇಲೆ ಒಂದು ಡಿಸ್ಕನ್ನು ಸಾಫ್ಟ್‌ವೇರ್‌ನಿಂದಲೇ ಫೇಲ್ ಮಾಡುತ್ತೇನೆ. ಸ್ಪೇರ್ ಎದ್ದು ಬರುತ್ತದೆಯಾ, ಮೇಲ್ ಎಷ್ಟು ನಿಮಿಷಕ್ಕೆ ಬಂತು, ಎಲ್ಲ ಬರೆದಿಡುತ್ತೇನೆ. ರೇಡ್ 6 ಆದ್ದರಿಂದ ಈ ಧೈರ್ಯ. ರೇಡ್ 5 ಇದ್ದವರು ಇದನ್ನು ಮಾಡಬೇಡಿ, ಪರೀಕ್ಷೆಗೆ ಬೇರೆ ಹಳೆ ಡಿಸ್ಕ್‌ಗಳಿಂದ ಚಿಕ್ಕ ಅರೇ ಕಟ್ಟಿಕೊಳ್ಳಿ.

ಹೋದ ಸೋಮವಾರದ ಮೇಲ್‌ನಲ್ಲಿ 6ನೇ ಟ್ರೇಯ 197 ಸೊನ್ನೆಯಿಂದ 8ಕ್ಕೆ ಏರಿತ್ತು. ಸಂಜೆ ಸೆಂಟರ್ ಮುಚ್ಚಿದ ಮೇಲೆ ಸ್ಪೇರಿಗೆ ರೀಪ್ಲೇಸ್ ಕೊಟ್ಟೆ. ಬೆಳಗ್ಗೆ 4ಕ್ಕೆ ಮುಗಿದಿತ್ತು. ಕೆಟ್ಟದ್ದನ್ನು ತೆಗೆದು, ಬೀರುವಿನ ಡಿಸ್ಕ್ ಹಾಕಿ, ಸ್ಪೇರ್ ಆಗಿ ಸೇರಿಸಿ, ಸ್ಮಾರ್ಟ್‌ಡಿ ರೀಸ್ಟಾರ್ಟ್ ಮಾಡಿದೆ. ‘ಸ್ಪೇರ್ ಡಿವೈಸಸ್’ ಮುಂದೆ 1 ಬಂತು. ಬೀರು ಖಾಲಿಯಾಗಿತ್ತು, ಆವತ್ತೇ ಇನ್ನೊಂದಕ್ಕೆ ಆರ್ಡರ್ ಹಾಕಿದೆ. ಗುರುವಾರ ಬಸ್ ಸ್ಟ್ಯಾಂಡಿನಿಂದ ತಂದೆ. ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಅದರ ಲಾಂಗ್ ಟೆಸ್ಟ್ ಓಡುತ್ತಿದೆ, ಇನ್ನೂ ಶೇ. 40 ಬಾಕಿ ಇದೆ.